ಹೊಂಗೆ ರೆಂಬೆಗೊಂದು ಕೆಂಪು ದಾರ

ಫೆಬ್ರುವರಿ ಬಂತೆಂದರೆ ಕ್ಲಾಸಿನ ಗೋಡೆಗೆ ‘ವಸಂತ ಋತು’ ಚಾರ್ಟ್ ಏರುತ್ತದೆ. ಅದರಲ್ಲಿ ಟುಲಿಪ್ ಹೂವು, ಕರಗುತ್ತಿರುವ ಹಿಮ. ಕಿಟಕಿಯಾಚೆ ನೋಡಿದರೆ ರಸ್ತೆ ತುಂಬ ಗುಲಾಬಿ ಟಬೂಬಿಯಾ. ಆದರೂ ಮಕ್ಕಳು ಬರೆಯುವುದು ಟುಲಿಪ್ಪನ್ನೇ. ಮೂರನೇ ಕ್ಲಾಸಿಗೆ ಪಾಠ ಮಾಡುವ ನಾನೂ ಕೆಲವು ವರ್ಷ ಹಾಗೇ ಬರೆಸಿದ್ದೆ. ಈಗ ಚಾರ್ಟ್ ಬಿಟ್ಟು ಒಂದು ಮರ ಹಿಡಿದಿದ್ದೇನೆ.

ಮೊದಲ ಕೆಲಸ, ಮರ ಆರಿಸುವುದು. ಟಬೂಬಿಯಾ ಚೆಂದವೇನೋ ಹೌದು, ಆದರೆ ಹೂವು ಬೇಗ ಮುಗಿಯುತ್ತದೆ, ರೆಂಬೆ ಕೈಗೆ ಎಟಕುವುದಿಲ್ಲ. ನನ್ನ ಓಟು ಹೊಂಗೆಗೆ. ಬೆಂಗಳೂರಿನ ಬೀದಿಗಳಲ್ಲಿ ಸುಲಭವಾಗಿ ಸಿಗುತ್ತದೆ. ಎಲೆ ಉದುರುವುದು, ಚಿಗುರು, ಹೂವು ಮೂರನ್ನೂ ಬೇಸಿಗೆ ರಜೆಗೆ ಮುಂಚೆ ನೋಡಬಹುದು.

ಮಕ್ಕಳ ಕೈಗೆ ಸಿಗುವ ಒಂದು ರೆಂಬೆಗೆ ಕೆಂಪು ಉಲ್ಲನ್ ದಾರ ಸಡಿಲವಾಗಿ ಕಟ್ಟಿ. ನೋಡಬೇಕಾದದ್ದು ಅದೊಂದನ್ನೇ. ಇಡೀ ಮರ ನೋಡಿ ಎಂದರೆ ಯಾರೂ ಏನೂ ನೋಡುವುದಿಲ್ಲ! ವಾರಕ್ಕೆರಡು ಸಲ, ಬಿಸಿಲೇರುವ ಮುಂಚೆ, 15 ನಿಮಿಷ ಸಾಕು. ನೋಟ್‌ಬುಕ್ಕಿನಲ್ಲಿ ತಾರೀಕು, ಹಳೇ ಎಲೆ ಎಷ್ಟು, ಚಿಗುರು ಎಷ್ಟು, ಮೊಗ್ಗು ಎಷ್ಟು ಎಂದು ಬರೆಸಿ. ಚಿತ್ರ ಚೆನ್ನಾಗಿ ಬರದಿದ್ದರೂ ಪರವಾಗಿಲ್ಲ. ಕೆಲವು ಎಲೆಗಳ ಮೇಲೆ ಬೆಳ್ಳಗೆ ಅಂಕುಡೊಂಕು ಗೆರೆ ಕಾಣುತ್ತದೆ. ‘ಮಿಸ್, ಯಾರೋ ಸೀಮೆಸುಣ್ಣದಲ್ಲಿ ಗೀಚಿದ್ದಾರೆ’ ಎಂದಳು ಒಬ್ಬಳು. ಗೀಚಿದ್ದು ಪುಟ್ಟ ಹುಳು, ಎಲೆಯೊಳಗೇ ತಿನ್ನುತ್ತ ಹೋದ ದಾರಿ ಅದು.

ಹೂವು ಬಿಟ್ಟ ಮೇಲೆ ನೆಲದಲ್ಲಿ ಕಡ್ಲೆಪುರಿ ಚೆಲ್ಲಿದ ಹಾಗಿರುತ್ತದೆ. ಉದುರಿದ ಹೂವನ್ನು ಸ್ಟೀಲ್ ತಟ್ಟೆಯಲ್ಲಿಟ್ಟು ಗುಂಡುಸೂಜಿಯಿಂದ ಬಿಡಿಸಿ. ಮೇಲೆ ಒಂದು ಅಗಲ ಎಸಳು, ಪಕ್ಕದಲ್ಲಿ ಎರಡು, ಕೆಳಗೆ ದೋಣಿಯ ಹಾಗೆ ಸೇರಿಕೊಂಡ ಎರಡು. ಪಕ್ಕದಲ್ಲೇ ಅವರೆ ಹೂವೂ ಇದ್ದರೆ ಇಟ್ಟು ತೋರಿಸಿ. ಎರಡೂ ಒಂದೇ ಕುಟುಂಬ ಅಂತ ನೀವು ಹೇಳಬೇಕಾಗಿಲ್ಲ, ಅವರೇ ಹೇಳುತ್ತಾರೆ. ಹೊಂಗೆ ಬೀಜ ಮಾತ್ರ ಬಾಯಿಗಿಡದಂತೆ ನೋಡಿಕೊಳ್ಳಿ. ರೆಂಬೆ ಅಲ್ಲಾಡಿಸುವುದೂ ಬೇಡ, ಜೇನುನೊಣ ಇರುತ್ತವೆ.

ನನಗೆ ಜಾಸ್ತಿ ಇಷ್ಟವಾದದ್ದು ಲೆಕ್ಕದ ಪೀರಿಯಡ್. ಮರದಡಿ ಎಷ್ಟು ಹೂವು ಬಿದ್ದಿದೆ? ಒಬ್ಬ ಹತ್ತು ಸಾವಿರ ಅಂದ, ಇನ್ನೊಬ್ಬ ಕೋಟಿ. ನಾಲ್ಕು ಅಡಿಪಟ್ಟಿ ಜೋಡಿಸಿ ಒಂದಡಿ ಚೌಕ ಮಾಡಿದೆವು. ಬುಡದ ಹತ್ತಿರ 46 ಹೂವು. ಜಾಗ 8 ಅಡಿಗೆ 10 ಅಡಿ, ಅಂದರೆ 80 ಚೌಕ. 46ನ್ನು 80ರಿಂದ ಗುಣಿಸಿದರೆ 3,680. ಅಷ್ಟರಲ್ಲಿ ಹಿಂದಿನ ಬೆಂಚಿನವನೊಬ್ಬ, ‘ಅಂಚಲ್ಲಿ ಅಷ್ಟಿಲ್ವಲ್ಲ ಮಿಸ್’ ಎಂದ. ಸರಿ, ನಡುವೆ ಎಣಿಸಿದೆವು, 29. ಅಂಚಿನಲ್ಲಿ 9. ಮೂರೂ ಸೇರಿ 84, ಸರಾಸರಿ 28. ಈಗ ಲೆಕ್ಕ 2,240ಕ್ಕೆ ಇಳಿಯಿತು. ಚೌಕ ಎಲ್ಲಿಡುತ್ತೇವೆ ಅನ್ನುವುದರ ಮೇಲೇ ಉತ್ತರ ನಿಂತಿದೆ ಅಲ್ವಾ?

ಒಂದು ಮಾತು. ಹಿಂದಿನ ದಿನವೇ ಆಯಮ್ಮನಿಗೆ ‘ನಾಳೆ ಗುಡಿಸಬೇಡಿ’ ಎಂದು ಹೇಳಿಬಿಡಿ. ಮೊದಲ ವರ್ಷ ನಾವು ಅಡಿಪಟ್ಟಿ ಹಿಡಿದು ಹೋಗುವಷ್ಟರಲ್ಲಿ ಅಂಗಳ ಫಳಫಳ.

ಲಾಲ್‌ಬಾಗಿಗೋ ಕಬ್ಬನ್ ಪಾರ್ಕಿಗೋ ಹೋಗಲು ಒಂದು ದಿನ ಸಿಕ್ಕರೆ, ಕ್ರುಂಬಿಗಲ್ ಕತೆ ಹೇಳಿ. 1908ರಲ್ಲಿ ಬೆಂಗಳೂರಿಗೆ ಬಂದ ಈ ಜರ್ಮನ್ ತೋಟಗಾರ, ಒಂದು ಮರದ ಹೂವು ಮುಗಿಯುವಾಗ ಇನ್ನೊಂದು ಅರಳುವಂತೆ ರಸ್ತೆಗಳಿಗೆ ಮರ ಆರಿಸಿದ. ಟಬೂಬಿಯಾ, ಜಕರಂಡ, ಗುಲ್‌ಮೊಹರ್ ಒಂದರ ಹಿಂದೊಂದು ಬರುವುದನ್ನು ಮಕ್ಕಳು ಕ್ಯಾಲೆಂಡರಿನಲ್ಲಿ ಗುರುತು ಹಾಕಲಿ.

ರಜೆ ಬಂದಾಗ ದಾರ ಬಿಚ್ಚಬೇಡಿ. ಶಾಲೆ ತೆರೆದ ದಿನ ಹಾಜರಿಗೂ ಮುಂಚೆ ಮಕ್ಕಳು ಅಲ್ಲಿಗೇ ಓಡುತ್ತಾರೆ, ಕಾಯಿ ಕಚ್ಚಿದೆಯಾ ನೋಡಲು.