ಬಿಸಿಯಾದಾಗ ಮಾತ್ರ ತಪ್ಪು ಅಳೆಯುತ್ತಿದ್ದ ಮ್ಯಾಪ್ ಸೆನ್ಸರ್

ಮಾರ್ಪಡಿಸಿದ ಕಾರಿನಲ್ಲಿ ಎಂಜಿನ್ ದೀಪ ಹೊತ್ತಿಕೊಂಡರೆ, ಸೆನ್ಸರ್ ಕೆಟ್ಟಿದೆಯೋ ಅಥವಾ ನಾವು ಬದಲಾಯಿಸಿದ ಎಂಜಿನ್ನಿನ ನಿಜಸ್ಥಿತಿಯನ್ನೇ ಅದು ಸರಿಯಾಗಿ ಹೇಳುತ್ತಿದೆಯೋ ಎಂಬುದನ್ನು ಮೊದಲು ತೀರ್ಮಾನಿಸಬೇಕು. ನನ್ನ ಕಾರಿಗೆ ಟರ್ಬೊ (ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಸಾಧನ) ಮತ್ತು ಇಂಧನ ಸಿಂಪಡಿಸುವ ದೊಡ್ಡ ಇಂಜೆಕ್ಟರ್‌ಗಳನ್ನು ಹಾಕಿಸಿದ್ದೆ. ಮ್ಯಾಪ್ ಸೆನ್ಸರ್ ಎಂಜಿನ್ನಿಗೆ ಗಾಳಿ ಒಯ್ಯುವ ಮ್ಯಾನಿಫೋಲ್ಡ್‌ನೊಳಗಿನ ಒತ್ತಡ ಅಳೆಯುತ್ತದೆ; ಅದನ್ನು ನೋಡಿ ಎಷ್ಟು ಇಂಧನ ಬೇಕೆಂದು ಇಸಿಯು, ಅಂದರೆ ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್, ಲೆಕ್ಕಹಾಕುತ್ತದೆ. ಮೂಲ ಸೆನ್ಸರಿನ ಜಾಗದಲ್ಲಿ 3 ಬಾರ್‌ವರೆಗೆ ಅಳೆಯುವ ಮ್ಯಾಪ್ ಸೆನ್ಸರ್ ಕೂರಿಸಿ, ಅದಕ್ಕೆ ತಕ್ಕಂತೆ ಇಸಿಯುವನ್ನು ಟ್ಯೂನ್ ಮಾಡಲಾಗಿತ್ತು. ಎಂಜಿನ್ ತಣ್ಣಗಿರುವಾಗ ಯಾವ ತೊಂದರೆಯೂ ಇರಲಿಲ್ಲ. ಚೆನ್ನಾಗಿ ಕಾದ ಮೇಲೆ ಐಡ್ಲಿಂಗ್‌ನಲ್ಲಿ (ಆಕ್ಸಿಲರೇಟರ್ ಒತ್ತದೆ ಎಂಜಿನ್ ಓಡುತ್ತಿರುವಾಗ) ನಡುಕ, ಸೈಲೆನ್ಸರಿನಿಂದ ಪೆಟ್ರೋಲ್ ವಾಸನೆ, ಪ್ಲಗ್‌ಗಳ ಮೇಲೆ ಮಸಿ; ಸ್ಕ್ಯಾನರ್ ತೋರಿಸಿದ್ದು ಪಿ0172, ಅಂದರೆ ಮಿಶ್ರಣದಲ್ಲಿ ಇಂಧನ ಹೆಚ್ಚಾಗಿದೆ ಎಂಬ ಸಂಕೇತ.

ಈ ಸಂಕೇತ ಯಾವ ಭಾಗವನ್ನೂ ಹೆಸರಿಸುವುದಿಲ್ಲ. ದೊಡ್ಡ ಇಂಜೆಕ್ಟರ್‌ಗಳ ತೆರೆಯುವ ವಿಳಂಬವನ್ನು ಟ್ಯೂನ್‌ನಲ್ಲಿ ತಪ್ಪಾಗಿ ನಮೂದಿಸಿದ್ದರೂ ಐಡ್ಲಿಂಗ್‌ನಲ್ಲಿ ಇದೇ ಲಕ್ಷಣ ಕಾಣುತ್ತದೆ. ಆದರೆ ಆ ವಿಳಂಬ ಮುಖ್ಯವಾಗಿ ಬ್ಯಾಟರಿ ವೋಲ್ಟೇಜನ್ನು ಅವಲಂಬಿಸಿರುವುದರಿಂದ, ದೋಷ ಎಂಜಿನ್ ತಣ್ಣಗಿರುವಾಗಲೂ ಇರಬೇಕಿತ್ತು. ಕ್ಯಾಮ್‌ಶಾಫ್ಟ್ ಬದಲಾಯಿಸಿದ್ದರೆ ಐಡ್ಲಿಂಗ್‌ನಲ್ಲಿ ಮ್ಯಾನಿಫೋಲ್ಡ್ ಒತ್ತಡ ಏರುವುದು ಸಹಜ. ನಾನು ಅದನ್ನು ಮುಟ್ಟಿರಲಿಲ್ಲ.

ನನಗೆ ದಾರಿ ತೋರಿಸಿದ್ದು ಫ್ಯುಯೆಲ್ ಟ್ರಿಮ್, ಅಂದರೆ ಮಿಶ್ರಣ ಸರಿಪಡಿಸಲು ಇಸಿಯು ತಾನೇ ಇಂಧನವನ್ನು ಹೆಚ್ಚಿಸುವ (ಪ್ಲಸ್) ಅಥವಾ ಕಡಿಮೆ ಮಾಡುವ (ಮೈನಸ್) ಪ್ರಮಾಣ. ಬಿಸಿ ಐಡ್ಲಿಂಗ್‌ನಲ್ಲಿ ಅದು ಮೈನಸ್ ಶೇ. 22ರ ಆಸುಪಾಸಿನಲ್ಲಿತ್ತು, ಸಾಧಾರಣ ವೇಗದಲ್ಲಿ ಸಾಗುವಾಗ ತಿದ್ದುಪಡಿ ಗಣನೀಯವಾಗಿ ಕಡಿಮೆಯಾಗುತ್ತಿತ್ತು, ಟರ್ಬೊ ಪೂರ್ತಿ ಒತ್ತಡ ಕೊಡುವ ಪೂರ್ಣ ಬೂಸ್ಟ್‌ನಲ್ಲಿ ವೈಡ್‌ಬ್ಯಾಂಡ್ ಮೀಟರ್ (ಹೊಗೆಯಿಂದ ಗಾಳಿ-ಇಂಧನದ ಅನುಪಾತ ಅಳೆಯುವ ಸಾಧನ) ತೋರಿಸುತ್ತಿದ್ದ ಮಿಶ್ರಣ ಗುರಿಗಿಂತ ಸ್ವಲ್ಪವೇ ಹೆಚ್ಚು ಇಂಧನದ್ದಾಗಿತ್ತು. ಸೆನ್ಸರ್ ಎಲ್ಲ ಒತ್ತಡಗಳಲ್ಲೂ ಸುಮಾರು 11 ಕೆಪಿಎ (ಕಿಲೋಪ್ಯಾಸ್ಕಲ್; 100 ಕೆಪಿಎ ಎಂದರೆ 1 ಬಾರ್) ಹೆಚ್ಚು ಹೇಳುತ್ತಿದೆ ಎಂದುಕೊಂಡರೆ ಲೆಕ್ಕ ಹೊಂದುತ್ತದೆ: 38 ಕೆಪಿಎ ಇರುವ ಐಡ್ಲಿಂಗ್‌ನಲ್ಲಿ ಅದು ಶೇ. 29ರಷ್ಟು ಹೆಚ್ಚುವರಿ ಇಂಧನಕ್ಕೆ ಕಾರಣವಾಗುತ್ತದೆ, 180 ಕೆಪಿಎ ಬೂಸ್ಟ್‌ನಲ್ಲಿ ಶೇ. 6ಕ್ಕೆ ಮಾತ್ರ. ಇಂಜೆಕ್ಟರ್ ಗಾತ್ರವನ್ನು ತಪ್ಪಾಗಿ ನಮೂದಿಸಿದ್ದರೆ ದೋಷದ ಪ್ರಮಾಣ ಎಲ್ಲೆಡೆ ಹೆಚ್ಚುಕಡಿಮೆ ಒಂದೇ ಆಗಿರುತ್ತಿತ್ತು.

ಈ ಊಹೆಯನ್ನು ಪರೀಕ್ಷಿಸುವ ಅತ್ಯಂತ ಸರಳ ಕ್ರಮವೆಂದರೆ ಎಂಜಿನ್ ನಿಲ್ಲಿಸಿ ಇಗ್ನಿಷನ್ ಮಾತ್ರ ಆನ್ ಮಾಡುವುದು. ಆಗ ಮ್ಯಾನಿಫೋಲ್ಡ್‌ನಲ್ಲಿರುವುದು ವಾತಾವರಣದ ಒತ್ತಡವಷ್ಟೇ. ಸೆನ್ಸರ್ ಬೇರೆ ಸಂಖ್ಯೆ ಹೇಳಿದರೆ ಅದಕ್ಕೆ ಎಂಜಿನ್ನನ್ನು ದೂರುವಂತಿಲ್ಲ. ಹೋಲಿಕೆಗೆ ಬಾರೋಮೀಟರ್ ಇರುವ ಮೊಬೈಲ್ ಸಾಕು, ಆದರೆ ಹವಾಮಾನ ಆ್ಯಪ್‌ಗಳು ಕೊಡುವ ಅಂಕಿ ಸಾಮಾನ್ಯವಾಗಿ ಸಮುದ್ರಮಟ್ಟಕ್ಕೆ ಹೊಂದಿಸಿದ್ದಾಗಿರುವುದರಿಂದ ಎತ್ತರದ ಊರಿನಲ್ಲಿರುವವರು ಅದನ್ನು ನಂಬಬಾರದು. ನನ್ನ ಸ್ಕ್ಯಾನರಿನಲ್ಲಿ ತಣ್ಣಗಿರುವಾಗ 100 ಕೆಪಿಎ, ಬಿಸಿಯಾದಾಗ 111 ಕಂಡಿತು.

ಇಷ್ಟಕ್ಕೇ ಸೆನ್ಸರ್ ಬಿಚ್ಚಿ ಎಸೆಯಲು ನಾನು ಸಿದ್ಧನಿರಲಿಲ್ಲ, ಏಕೆಂದರೆ ಮಾರ್ಪಡಿಸಿದ ಕಾರುಗಳಲ್ಲಿ ಜೋಡಿಸಿ ಉದ್ದ ಮಾಡಿದ ವೈರಿಂಗ್ ಸೆನ್ಸರಿಗಿಂತ ಬೇಗ ಕೈಕೊಡುತ್ತದೆ. ಗ್ರೌಂಡ್ ತಂತಿಯಲ್ಲಿ 0.18 ವೋಲ್ಟ್ ಇಳಿಕೆಯಾದರೂ ಇದೇ 11 ಕೆಪಿಎ ವ್ಯತ್ಯಾಸ ಕಾಣುತ್ತದೆ. ಇಂಥ ಸೆನ್ಸರಿನಲ್ಲಿ ಒಂದು ವೋಲ್ಟ್ ಎಂದರೆ ಸುಮಾರು 63 ಕೆಪಿಎ. ಆದ್ದರಿಂದ ಬಿಸಿಯಾಗಿರುವಾಗಲೇ ಕನೆಕ್ಟರಿನ ಹಿಂಬದಿಯಿಂದ ಮಲ್ಟಿಮೀಟರ್ ಕಡ್ಡಿಗಳನ್ನು ತೂರಿಸಿ ಅಳೆದೆ. ಪೂರೈಕೆ 5.0 ವೋಲ್ಟ್‌ನಲ್ಲಿ ಸ್ಥಿರವಾಗಿತ್ತು, ಸೆನ್ಸರಿನ ಗ್ರೌಂಡ್ ಪಿನ್ನಿನಿಂದ ಬ್ಯಾಟರಿಯ ನೆಗೆಟಿವ್‌ಗೆ ಇದ್ದ ವ್ಯತ್ಯಾಸ 0.05 ವೋಲ್ಟ್‌ಗಿಂತ ಕಡಿಮೆ.

ಎಂಜಿನ್ ಆರಿದ ಮೇಲೆ ಸೆನ್ಸರಿನ ರಬ್ಬರ್ ಕೊಳವೆ ಕಳಚಿ, ಕೈಪಂಪಿನಿಂದ ಹಂತಹಂತವಾಗಿ ನಿರ್ವಾತ ಕೊಟ್ಟಾಗ ಸಿಗ್ನಲ್ ಲೆಕ್ಕದಂತೆಯೇ ಇಳಿಯಿತು. ನಂತರ ಅದನ್ನು ಗಾಳಿಗೆ ತೆರೆದಿಟ್ಟು ಹೇರ್ ಡ್ರೈಯರಿನಿಂದ ಕಾಯಿಸುತ್ತಾ ಹೋದೆ. ಒತ್ತಡ ಬದಲಾಗದಿದ್ದರೂ 1.57 ವೋಲ್ಟ್ ಇದ್ದ ಸಿಗ್ನಲ್ ನಿಧಾನವಾಗಿ 1.75ಕ್ಕೆ ಏರಿತು, ಆರಿದ ಮೇಲೆ ಮತ್ತೆ ಇಳಿಯಿತು. ಸೆನ್ಸರೇ ಕೆಟ್ಟಿದೆ ಎಂಬುದರಲ್ಲಿ ಇನ್ನು ಅನುಮಾನ ಉಳಿಯಲಿಲ್ಲ.

ಟರ್ಬೊದ ಪಕ್ಕದ ಬ್ರಾಕೆಟ್ಟಿನಲ್ಲಿ ಕೂರಿಸಿದ್ದರಿಂದ ಅದಕ್ಕೆ ಶಾಖ ಅತಿಯಾಗಿ ತಗುಲುತ್ತಿತ್ತು. ಹೊಸದನ್ನು ಎಂಜಿನ್ ಕೋಣೆಯ ತಂಪಾದ ಬದಿಗೆ ಸರಿಸಿದೆ. ಬೇರೆ ತಯಾರಕರ 3 ಬಾರ್ ಸೆನ್ಸರ್‌ಗಳಲ್ಲಿ ವೋಲ್ಟೇಜ್ ಮತ್ತು ಒತ್ತಡದ ಹೊಂದಾಣಿಕೆ ಒಂದೇ ಆಗಿರುವುದಿಲ್ಲವಾದ್ದರಿಂದ, ಸ್ಟಾರ್ಟ್ ಮಾಡುವ ಮೊದಲೇ ಅದರ ಅಂಕಿಗಳನ್ನು ಇಸಿಯುವಿನಲ್ಲಿ ತುಂಬಿಸಿದೆ. ಬಿಸಿ ಐಡ್ಲಿಂಗ್‌ನ ಟ್ರಿಮ್ ಈಗ ಶೂನ್ಯದಿಂದ ಶೇ. 3ರೊಳಗೆ ಆಚೀಚೆ ಆಡುತ್ತಿದೆ.