ನೂರು ವರ್ಷ ಹಳೇ ಬ್ಲೂಸ್ ಹಾಡನ್ನು ಪೇಟಿ (ಹಾರ್ಮೋನಿಯಂ), ತಬಲಾ ಇಟ್ಟುಕೊಂಡು ಮನೆಯಲ್ಲೇ ಹಾಡೋದು ಹೇಗೆ

ಮೊದಲು ಚಪ್ಪಾಳೆ. ಹಾಡು ಆಮೇಲೆ.

ಭಜನೆ ಕೇಳಿ ಬೆಳೆದ ನಾವು ತಾಳದ ಒಂದು ಸುತ್ತು, ಅಂದರೆ ಆವರ್ತನ, ಶುರುವಾಗುವ ಜಾಗಕ್ಕೇ ಚಪ್ಪಾಳೆ ಹಾಕುತ್ತೇವೆ, ಕೈ ತಾನಾಗೇ ಅಲ್ಲಿಗೆ ಹೋಗುತ್ತದೆ. ಅಮೆರಿಕದ ಕಪ್ಪು ಜನರ ಹಳೇ ಜಾಝ್, ಬ್ಲೂಸ್ ಹಾಡಿಗೆ ಅದು ಹೊಂದೋದಿಲ್ಲ. ಅಲ್ಲಿ ನಾಲ್ಕು ಎಣಿಸಿದರೆ ಎರಡಕ್ಕೆ ಮತ್ತು ನಾಲ್ಕಕ್ಕೆ ಚಪ್ಪಾಳೆ. ಕಾರವಾರದಲ್ಲಿ ನಾವು ನಾಲ್ಕು ಜನ ಮಳೆಗಾಲದ ಸಂಜೆ ಜಗುಲಿಯಲ್ಲಿ ಕೂತು ಇದನ್ನು ಶುರು ಮಾಡಿದೆವು. ಭಜನೆಗೆ ಪೇಟಿ ಬಾರಿಸುವವರೊಬ್ಬರು, ಚರ್ಚಿನಲ್ಲಿ ಗಿಟಾರ್ ನುಡಿಸುವ ಹುಡುಗ, ಅಂಕೋಲಾದಿಂದ ಬರುವ ತಬಲಾದವರು, ಹಾಡಲಿಕ್ಕೆ ನಾನು. ಮೂರು ವಾರ ಬರೀ ಈ ಚಪ್ಪಾಳೆಗೇ ಹೋಯಿತು. ಕೊನೆಗೆ ದಾರಿ ತೋರಿಸಿದ್ದು ತಬಲಾದವರು. ಕೆಹರವಾ ತಾಳ ಹಿಡಿಯಿರಿ, ಧಾ ಗೆ ನ ತಿ ನ ಕ ಧಿ ನ, ಒಂದು ಎಣಿಕೆಗೆ ಎರಡು ಅಕ್ಷರ, ಮೂರನೆಯ ಅಕ್ಷರ 'ನ' ಮತ್ತು ಏಳನೆಯ ಅಕ್ಷರ 'ಧಿ' ಮೇಲೆ ಮಾತ್ರ ಚಪ್ಪಾಳೆ ಹಾಕಿ ಅಂದರು. ನೀವೂ ಹತ್ತು ನಿಮಿಷ ಸುಮ್ನೆ ಹಾಕಿ ನೋಡಿ, ಭುಜ ತಾನಾಗೇ ಅಲ್ಲಾಡುತ್ತದೆ.

ಇನ್ನೊಂದು ವಿಷಯ. ಬ್ಲೂಸ್‌ಗೆ ಆ ಎಂಟು ಅಕ್ಷರ ಸಮಸಮ ಬೀಳಬಾರದು. ಜೋಡಿಯಲ್ಲಿ ಮೊದಲನೆಯದು ಸ್ವಲ್ಪ ಉದ್ದ, ಎರಡನೆಯದು ಸ್ವಲ್ಪ ಗಿಡ್ಡ, ದಾದ್ರಾ ತಾಳದ ತೂಗು ಇರುತ್ತದಲ್ಲ, ಹಾಗೆ. ರ‍್ಯಾಗ್‌ಟೈಮ್‌ಗೆ ಮಾತ್ರ (ಅದೇ ಕಾಲದ ಪಿಯಾನೋ ಸಂಗೀತ ಅದು) ಸಮನಾಗಿಯೇ ನುಡಿಸಿ. ಅಲ್ಲಿ ಪಿಯಾನೋದ ಎಡಗೈ ಗಡಿಯಾರದ ಹಾಗೆ ನಡೆಯುತ್ತದೆ, ಬಲಗೈ ಪೆಟ್ಟಿನ ನಡುವೆ ನಡುವೆ ಬೀಳುತ್ತದೆ. ಸ್ಕಾಟ್ ಜಾಪ್ಲಿನ್ ಅವರ 'ಮೇಪಲ್ ಲೀಫ್ ರ‍್ಯಾಗ್' 1899ರಲ್ಲಿ ಅಚ್ಚಾಯಿತು. ರ‍್ಯಾಗ್‌ಟೈಮ್ ಅನ್ನು ಯಾವತ್ತೂ ಜೋರಾಗಿ ಓಡಿಸಬೇಡಿ ಅಂತ ಅವರು ಎಷ್ಟೋ ಪುಸ್ತಕಗಳ ಮೇಲೆ ಎಚ್ಚರಿಕೆ ಅಚ್ಚು ಹಾಕಿಸಿದ್ದರು. ಆದರೂ ಎಲ್ಲರೂ ಓಡಿಸುತ್ತಾರೆ. ನೀವು ಓಡಿಸಬೇಡಿ.

ಮೊದಲ ಹಾಡಿಗೆ ನಾನು ಹೇಳೋದು 'ಸೇಂಟ್ ಲೂಯಿಸ್ ಬ್ಲೂಸ್'. ಡಬ್ಲ್ಯೂ.ಸಿ. ಹ್ಯಾಂಡಿ 1914ರಲ್ಲಿ ಪ್ರಕಟಿಸಿದ್ದು. ಅವರು ತೀರಿಕೊಂಡಿದ್ದು 1958ರಲ್ಲಿ. ನಮ್ಮ ದೇಶದಲ್ಲಿ ಬರೆದವರು ತೀರಿಕೊಂಡು 60 ವರ್ಷ ಕಳೆದರೆ ಹಾಡು ಎಲ್ಲರದ್ದು, ಹಾಗಾಗಿ ಊರ ಕಾರ್ಯಕ್ರಮದಲ್ಲಿ ಹಾಡಿದರೂ ಯಾರ ಅನುಮತಿಯೂ ಬೇಡ. ನನಗೆ ಈ ಹಾಡು ಹತ್ತಿರ ಆಗಲು ಇನ್ನೊಂದು ಕಾರಣ ಇದೆ. 1925ರಲ್ಲಿ ಬ್ಲೂಸ್ ಗಾಯಕಿ ಬೆಸ್ಸಿ ಸ್ಮಿತ್ ಇದನ್ನು ಹಾಡಿದ ರೆಕಾರ್ಡ್ ಹುಡುಕಿ ಕೇಳಿ. ಅದರಲ್ಲಿ ಡ್ರಮ್ ಇಲ್ಲ, ಗಿಟಾರ್ ಇಲ್ಲ. ಲೂಯಿ ಆರ್ಮ್‌ಸ್ಟ್ರಾಂಗ್ ಅವರ ಕಾರ್ನೆಟ್ ಅನ್ನುವ ತುತ್ತೂರಿ, ಅದರ ಹಿಂದೆ ಫ್ರೆಡ್ ಲಾಂಗ್‌ಶಾ ನುಡಿಸಿದ ಹಾರ್ಮೋನಿಯಂ! ಕಾಲಿನಿಂದ ತಿದಿ ಒತ್ತುವ ದೊಡ್ಡ ಪೇಟಿ ಅದು, ಆದರೆ ಗಾಳಿ ರೀಡಿಗೆ ತಾಗಿ ಬರುವ ಆ ಉಸಿರು ನಮ್ಮ ಪೇಟಿಯದ್ದೇ. ಇದನ್ನು ಕೇಳಿಸಿದ ದಿನ ನಮ್ಮ ಪೇಟಿಯವರು ಮತ್ತೆ ಮತ್ತೆ ಹಾಕಿಸಿಕೊಂಡು ಕೇಳಿದರು.

ಹಾಡಿನ ಮೊದಲ ಭಾಗ 12 ಬಾರ್. ಒಂದು ಕೆಹರವಾ ಆವರ್ತನ ಅಂದರೆ ಒಂದು ಬಾರ್ ಅಂತ ಇಟ್ಟುಕೊಳ್ಳಿ. ಬ್ಲೂಸ್‌ನ ಬರೀ ಅಸ್ಥಿಪಂಜರ ಹೀಗೆ: ನಾಲ್ಕು ಆವರ್ತನ ಸಾ ಪಾ ಒತ್ತಿ ಹಿಡಿಯಿರಿ, ಎರಡು ಆವರ್ತನ ಮಾ ಮತ್ತು ಮೇಲಿನ ಸಾ, ಮತ್ತೆ ಎರಡು ಸಾ ಪಾ. ಆಮೇಲೆ ಒಂದು ಆವರ್ತನ ಪಾ ಮತ್ತು ಮೇಲಿನ ರೇ, ಒಂದು ಮಾ ಸಾ, ಕೊನೆಗೆ ಎರಡು ಸಾ ಪಾ. ಅಷ್ಟೇ. ಈ 12 ಆವರ್ತನ ನಿದ್ದೆಯಲ್ಲೂ ತಪ್ಪದ ಹಾಗೆ ಕೂರಬೇಕು. ಹಾಡಿನ ನಡುವೆ 16 ಬಾರ್‌ನ ಟ್ಯಾಂಗೋ ಭಾಗ ಬರುತ್ತದೆ, ಅದನ್ನು ಎರಡನೇ ತಿಂಗಳಿಗೆ ಇಟ್ಟುಕೊಳ್ಳಿ.

ಈಗ ಸ್ವರ. ಬ್ಲೂಸ್‌ನ ಜೀವ ಇರೋದು ಗಂಧಾರದಲ್ಲಿ, ಆಮೇಲೆ ನಿಷಾದದಲ್ಲಿ. ಕೋಮಲ ಗ ಅಲ್ಲ, ಶುದ್ಧ ಗ ಕೂಡ ಅಲ್ಲ, ಎರಡರ ನಡುವೆ ಎಲ್ಲೋ ಅಲುಗಾಡುವ ಗ. ಹಿಂದೂಸ್ತಾನಿ ಕೇಳಿದ ಕಿವಿಗೆ ಇದು ಹೊಸದೇನಲ್ಲ, ದರಬಾರಿ ರಾಗದ ಗಂಧಾರ ಆಂದೋಲನ ಮಾಡುವುದನ್ನು ಕೇಳಿದವರಿಗೆ ಸ್ವರ ಒಂದೇ ಕಡೆ ನಿಲ್ಲಬೇಕಿಲ್ಲ ಅನ್ನೋದು ಗೊತ್ತೇ ಇದೆ. ಹಾಡುವಾಗ ಕೋಮಲದಿಂದ ಸ್ವಲ್ಪ ಮೇಲಕ್ಕೆ ಜಾರಿಸಿ, ಶುದ್ಧ ಮುಟ್ಟುವ ಮೊದಲೇ ಬಿಟ್ಟುಬಿಡಿ. ಪೇಟಿಯಲ್ಲಿ ಮೀಂಡ್, ಅಂದರೆ ಸ್ವರದಿಂದ ಸ್ವರಕ್ಕೆ ಜಾರೋದು, ಬರೋದಿಲ್ಲ. ಅದಕ್ಕೆ ಕೋಮಲ ಗ ಕಣಸ್ವರದ ಹಾಗೆ ಚುಟುಕಾಗಿ ತಟ್ಟಿ ಶುದ್ಧ ಗಕ್ಕೆ ಬೆರಳು ಜಾರಿಸಿ, ಒಂದು ಕ್ಷಣ ಎರಡೂ ಒಟ್ಟಿಗೆ ಕೇಳಿದರೂ ಪರವಾಗಿಲ್ಲ, ಅದೇ ಚಂದ.

ಹಳೇ ರೆಕಾರ್ಡ್ ಕೇಳುವಾಗ ಸ್ವಲ್ಪ ಹುಷಾರು. ಆ ತಟ್ಟೆಗಳು ಅರಗಿನವು, ಪಾಂಡವರಿಗೆ ಕಟ್ಟಿದ ಅರಗಿನ ಮನೆಯ ಅದೇ ಅರಗು, ಅದರಲ್ಲಿ ಬಹುಪಾಲು ಹೋಗುತ್ತಿದ್ದದ್ದೂ ನಮ್ಮ ದೇಶದಿಂದಲೇ. ಒಂದು ಬದಿಗೆ ಮೂರು ನಿಮಿಷದಷ್ಟೇ ಜಾಗ. ಹಾಗಾಗಿ ಹಾಡು ಇಷ್ಟೇ ಅಂದುಕೊಳ್ಳಬೇಡಿ, ಕ್ಯಾಸೆಟ್‌ನಲ್ಲಿ ಎರಡು ಪದ್ಯ ಕೇಳಿ ಇಡೀ ರಾತ್ರಿಯ ಯಕ್ಷಗಾನದ ಆಟ ಇಷ್ಟೇ ಅಂದ ಹಾಗಾಗುತ್ತದೆ. 1925ಕ್ಕಿಂತ ಮೊದಲು ರೆಕಾರ್ಡ್ ಮಾಡಲಿಕ್ಕೆ ಸಾಮಾನ್ಯವಾಗಿ ಮೈಕ್ ಬಳಸುತ್ತಿರಲಿಲ್ಲ, ತಗಡಿನ ಕೊಳವೆಯ ಎದುರು ನಿಂತು ಹಾಡುತ್ತಿದ್ದರು. ದೊಡ್ಡ ಡ್ರಮ್ ಬಾರಿಸಿದರೆ ಸೂಜಿ ಹಾರುವ ಭಯ. ನೀವು ಕೇಳುವ ತೆಳು ಸದ್ದು ಆ ಕೊಳವೆಯದ್ದು, ಹಾಡಿದವರದ್ದಲ್ಲ, ಅದನ್ನು ಅನುಕರಿಸಬೇಡಿ. ಎಲ್ಲ ತಟ್ಟೆಯೂ ಸರಿಯಾಗಿ ನಿಮಿಷಕ್ಕೆ 78 ಸುತ್ತಿನ ವೇಗದಲ್ಲೇ ತಿರುಗಿದ್ದೂ ಅಲ್ಲ, ಅದಕ್ಕೇ ಅದರ ಶ್ರುತಿ ಪೇಟಿಯ ಯಾವ ಮನೆಗೂ ಕೂರೋದಿಲ್ಲ. ನಿಮ್ಮ ಗಂಟಲಿಗೆ ಯಾವ ಶ್ರುತಿ ಹಿತವೋ ಅದನ್ನೇ ಹಿಡಿಯಿರಿ. ಬೇಕಾದರೆ ಆಡಾಸಿಟಿ ಅನ್ನುವ ಉಚಿತ ಸಾಫ್ಟ್‌ವೇರ್‌ನಲ್ಲಿ ವೇಗ ಇಳಿಸಿ ಕೇಳಿ, ಒಂದೊಂದು ಸಾಲೂ ಬಿಡಿಸಿದ ಹಾಗೆ ಕೇಳಿಸುತ್ತದೆ.

ಮಾತಿನ ಬಗ್ಗೆ ನನಗೆ ಗಟ್ಟಿ ಅಭಿಪ್ರಾಯ ಇದೆ. ಇವು ಅಮೆರಿಕದ ಕಪ್ಪು ಜನರ ಹಾಡುಗಳು. 1865ರಲ್ಲಿ ಗುಲಾಮಗಿರಿ ಹೋದರೂ ಬದುಕು ಹಗುರಾಗಲಿಲ್ಲ, ಹೊಲದಲ್ಲಿ ಬೆವರು ಸುರಿಸಿದವರ ದನಿಯಿಂದ ಬಂದದ್ದು ಇದು. ಹಾಡುವ ಮೊದಲು ಅಷ್ಟನ್ನು ಕೇಳುಗರಿಗೆ ಹೇಳಿ. ಅದೇ ಕಾಲದಲ್ಲಿ ಕಪ್ಪು ಜನರನ್ನೇ ಹೀಯಾಳಿಸುವ ಹಾಡುಗಳೂ ರ‍್ಯಾಗ್‌ಟೈಮ್ ಹೆಸರಲ್ಲಿ ಬೇಕಾದಷ್ಟು ಅಚ್ಚಾಗಿದ್ದವು. ರಾಗ ಎಷ್ಟೇ ಚಂದ ಇರಲಿ, ಅಂಥ ಮಾತು ಬಾಯಲ್ಲಿ ಬರಬಾರದು. ಆಫ್ರಿಕಾದಿಂದ ಬಂದವರ ಮಕ್ಕಳು ಮೊಮ್ಮಕ್ಕಳಾದ ಸಿದ್ದಿಗಳು ಯಲ್ಲಾಪುರ, ಹಳಿಯಾಳದಲ್ಲಿ ದಮಾಮಿ ಡೋಲು ಬಾರಿಸುವ ಜಿಲ್ಲೆಯಲ್ಲಿ ಇದ್ದೇವೆ ಅನ್ನೋದು ನೆನಪಿರಲಿ.

ನಿಮ್ಮದೇ ಸಾಲು ಕಟ್ಟಿ ಹಾಡಿದರೆ ಇನ್ನೂ ಒಳ್ಳೇದು. ಕ್ರಮ ಸುಲಭ: ಒಂದು ಸಾಲು, ಅದೇ ಸಾಲು ಮತ್ತೊಮ್ಮೆ, ಆಮೇಲೆ ಅದಕ್ಕೊಂದು ಉತ್ತರ. ಪ್ರತಿ ಸಾಲಿಗೆ ನಾಲ್ಕು ಆವರ್ತನ. ನಾವು ಕಟ್ಟಿದ್ದು ಹೀಗಿದೆ:

ಮಳೆ ಹಿಡಿದು ಎಂಟು ದಿನ, ಘಟ್ಟದ ಬಸ್ಸು ಬರಲಿಲ್ಲ
ಮಳೆ ಹಿಡಿದು ಎಂಟು ದಿನ, ಘಟ್ಟದ ಬಸ್ಸು ಬರಲಿಲ್ಲ
ಒಲೆ ಮೇಲೆ ಗಂಜಿ ಆರಿತು, ನಿನ್ನ ಸುದ್ದಿ ಬರಲಿಲ್ಲ

ಸಾಲು ಎರಡೂವರೆ ಆವರ್ತನಕ್ಕೆ ಮುಗಿಯಬೇಕು. ಉಳಿದದ್ದು ಪೇಟಿಗೆ ಬಿಡಿ, ಭಾಗವತರ ಪದ್ಯಕ್ಕೆ ಮದ್ದಳೆ ಉತ್ತರ ಕೊಡುವ ಹಾಗೆ ಅದು ಉತ್ತರ ಕೊಡಲಿ. ಜಾಗ ಬಿಡೋದು ಕಲಿಯಲಿಕ್ಕೆ ನನಗೆ ಜಾಸ್ತಿ ದಿನ ಬೇಕಾಯಿತು.

ಕರಾವಳಿಯವರಿಗೆ ಇನ್ನೊಂದು ಮಾತು. ಸಮುದ್ರದ ಗಾಳಿಗೆ ಗಿಟಾರ್ ತಂತಿ ಬೇಗ ತುಕ್ಕು ಹಿಡಿಯುತ್ತದೆ, ನುಡಿಸಿದ ಮೇಲೆ ಒಣ ಹತ್ತಿ ಬಟ್ಟೆಯಲ್ಲಿ ಒರೆಸಿ. ಪೇಟಿಯನ್ನು ನೆಲಕ್ಕೆ ಇಡಬೇಡಿ, ಮಳೆಗಾಲ ಪೂರ್ತಿ ದಿನಕ್ಕೆ ಹತ್ತು ನಿಮಿಷವಾದರೂ ತಿದಿ ಹಾಕಿ, ಸುಮ್ಮನೆ ಇಟ್ಟರೆ ರೀಡು ಕೂತುಬಿಡುತ್ತದೆ. ಫೋನಲ್ಲಿ ರೆಕಾರ್ಡ್ ಮಾಡುವಾಗ ಪೇಟಿಯಿಂದ ನಾಲ್ಕು ಹೆಜ್ಜೆ ದೂರ, ಹಾಡುವವರ ಎದುರಿಗೆ ಇಡಿ. ಹಂಚಿನ ಮೇಲೆ ಮಳೆ ಬೀಳುವ ಸದ್ದು ಬಂದರೆ ಬರಲಿ ಬಿಡಿ.