ಕಾಂಕ್ರೀಟ್ ಡಂಬೆಲ್: ಮರದ ಹಿಡಿ ಅಲುಗಾಡದಂತೆ ಕೂರಿಸುವುದು ಹೇಗೆ?

ಡಂಬೆಲ್ ಅಂದರೆ ಎರಡೇ ಸಂಗತಿ: ತೂಕ, ಮತ್ತು ಅದನ್ನು ಹಿಡಿಯಲು ಒಂದು ಹಿಡಿ. ತೂಕಕ್ಕೆ ಸಿಮೆಂಟು, ಮರಳು, ಜಲ್ಲಿ ಸಾಕು. ಹಿಡಿಗೆ ಒಂದು ತುಂಡು ಗಟ್ಟಿ ಮರ. ಕಷ್ಟ ಇರುವುದು ಇವೆರಡೂ ಸೇರುವ ಜಾಗದಲ್ಲಿ. ಅದೊಂದು ಸರಿಯಾದರೆ ಉಳಿದದ್ದೆಲ್ಲ ಸಲೀಸು.

ನಾನು ಮೊದಲ ಸಲ ಮಾಡಿದಾಗ ನುಣುಪಾದ ಹಿಡಿಯನ್ನು ಹಸಿ ಕಾಂಕ್ರೀಟಿಗೆ ಹಾಗೇ ಇಳಿಸಿ ಒಣಗಲು ಬಿಟ್ಟಿದ್ದೆ. ನೋಡಲು ಚೆನ್ನಾಗಿಯೇ ಇತ್ತು. ಮೂರನೇ ತಿಂಗಳಲ್ಲಿ ಒಂದು ಬೆಳಿಗ್ಗೆ ಎತ್ತುತ್ತಿರುವಾಗ ಒಂದು ತುದಿಯ ಕಾಂಕ್ರೀಟ್ ಗುಂಡು ಕಳಚಿ ಪಾದದ ಪಕ್ಕದಲ್ಲೇ ಬಿತ್ತು. ಎತ್ತಿ ನೋಡಿದೆ. ತೂತಿನ ಒಳಗೋಡೆಯ ಮೇಲೆ ಮರದ ನಾರಿನ ಗೆರೆಗಳು ಸ್ಪಷ್ಟವಾಗಿ ಅಚ್ಚೊತ್ತಿದ್ದವು. ಆದರೆ ಅದೇ ತೂತಿಗೆ ಹಿಡಿಯನ್ನು ಮತ್ತೆ ಇಟ್ಟರೆ ಸುತ್ತಲೂ ಉಗುರು ತೂರುವಷ್ಟು ಸಂದು.

ಆಗಿದ್ದು ಇಷ್ಟು. ಒಣ ಮರ ಹಸಿ ಕಾಂಕ್ರೀಟಿನ ನೀರು ಕುಡಿದು ಉಬ್ಬುತ್ತದೆ. ಉಬ್ಬಿದ ಮರದ ಸುತ್ತ ಕಾಂಕ್ರೀಟ್ ಗಟ್ಟಿಯಾಗುತ್ತದೆ. ಆಮೇಲೆ ಮರ ನಿಧಾನವಾಗಿ ಒಣಗಿ ಕುಗ್ಗುತ್ತದೆ, ತೂತು ಮಾತ್ರ ಹಾಗೇ ಉಳಿಯುತ್ತದೆ. ಕೆಲವೊಮ್ಮೆ ಮರ ಜಾಸ್ತಿ ಉಬ್ಬಿ ಎಳೆಯ ಕಾಂಕ್ರೀಟನ್ನೇ ಸೀಳಿಬಿಡುತ್ತದೆ. ಹಾಗಾಗಿ ಎರಡು ಕೆಲಸ ತಪ್ಪಿಸುವಂತಿಲ್ಲ: ಮರದೊಳಕ್ಕೆ ನೀರು ಹೋಗಬಾರದು, ಮತ್ತು ಮರವನ್ನು ಕಾಂಕ್ರೀಟಿಗೆ ಕಬ್ಬಿಣ ಕಟ್ಟಿ ಹಿಡಿದಿರಬೇಕು.

ಹಿಡಿ ಸಿದ್ಧಮಾಡುವುದು

ನಾರು ಉದ್ದಕ್ಕೂ ನೇರವಾಗಿರುವ, ಗಂಟಿಲ್ಲದ, ಚೆನ್ನಾಗಿ ಒಣಗಿದ ಗಟ್ಟಿ ಮರ ಬೇಕು. ಹಳೇ ಗುದ್ದಲಿ ಅಥವಾ ಪಿಕಾಸಿಯ ಕಾವು ಇದ್ದರೆ ಒಳ್ಳೆಯದು, ಏಟು ತಡೆಯಲೆಂದೇ ಆರಿಸಿದ ಮರ ಅದು. ಬಿರುಕು ಬಿಟ್ಟಿದ್ದರೆ ಮಾತ್ರ ಬೇಡ. ದಪ್ಪ 30ರಿಂದ 35 ಮಿಲಿಮೀಟರ್ ಇದ್ದರೆ ಹೆಚ್ಚಿನವರ ಮುಷ್ಟಿಗೆ ಸರಿಹೋಗುತ್ತದೆ.

ಉದ್ದ 29 ಸೆಂಟಿಮೀಟರ್. ನಡುವೆ ಕೈಗೆ 13, ಎರಡೂ ಕಡೆ ಗುಂಡಿನೊಳಗೆ ಎಂಟೆಂಟು. ಗುಂಡಿನ ಎತ್ತರ 10 ಸೆಂಟಿಮೀಟರ್ ಇಟ್ಟುಕೊಂಡರೆ ಮರದ ತುದಿಯ ಆಚೆ ಇನ್ನೂ 2 ಸೆಂಟಿಮೀಟರ್ ಕಾಂಕ್ರೀಟ್ ಉಳಿಯುತ್ತದೆ. ಇದು ಮುಖ್ಯ. ಮರ ಅತಿ ಹೆಚ್ಚು ನೀರು ಕುಡಿಯುವುದು ಕೊಯ್ದ ತುದಿಯಿಂದ. ಆ ತುದಿ ಹೊರಗೆ ಕಾಣುವಂತಿದ್ದರೆ ನೆಲದ ತೇವವೆಲ್ಲ ಒಳಗೆ ಹೋಗುತ್ತದೆ.

ಈಗ ಸ್ಕ್ರೂಗಳು. ಪ್ರತಿ ತುದಿಗೆ ನಾಲ್ಕು, ಎರಡು ಬೇರೆ ಬೇರೆ ಎತ್ತರದಲ್ಲಿ. ಮೇಲಿನ ಜೋಡಿ ಒಂದು ದಿಕ್ಕಿಗಿದ್ದರೆ ಕೆಳಗಿನ ಜೋಡಿ ಅದಕ್ಕೆ ಅಡ್ಡ ದಿಕ್ಕಿಗಿರಲಿ. ಮೊದಲು ಸ್ಕ್ರೂಗಿಂತ ಸಣ್ಣ ಬಿಟ್‌ನಿಂದ ತೂತು ಕೊರೆಯಿರಿ, ಇಲ್ಲದಿದ್ದರೆ ಮರ ಸೀಳುತ್ತದೆ. ಸ್ಕ್ರೂ ಪೂರ್ತಿ ಒಳಗೆ ಹೋಗಬಾರದು, ತಲೆ 2 ಸೆಂಟಿಮೀಟರ್‌ನಷ್ಟು ಹೊರಗೆ ಚಾಚಿರಬೇಕು. ಕಾಂಕ್ರೀಟ್ ಕಚ್ಚಿಕೊಳ್ಳುವುದು ಈ ತಲೆಗಳನ್ನೇ. ಮರ ಮುಂದೆ ಕುಗ್ಗಿದರೂ ಗುಂಡು ಜಾರುವುದಿಲ್ಲ, ತಿರುಗುವುದೂ ಇಲ್ಲ.

ಕೊನೆಗೆ ಒಳಗೆ ಹೋಗುವ ಭಾಗಕ್ಕೆ, ತುದಿಯೂ ಸೇರಿ, ಎರಡು ಕೋಟ್ ವಾರ್ನಿಷ್ ಬಳಿಯಿರಿ. ಸ್ಕ್ರೂ ಬುಡಕ್ಕೂ ಬಿಡದೆ ಹಚ್ಚಿ. ಮೊದಲ ಕೋಟ್ ಒಣಗಿದ ಮೇಲೇ ಎರಡನೆಯದು. ಇದಕ್ಕೆ ಒಂದು ದಿನ ಹೋಗುತ್ತದೆ, ಹೋಗಲಿ.

ತೂಕದ ಲೆಕ್ಕ

ಒಂದು ಲೀಟರ್ ಕಾಂಕ್ರೀಟ್ ಸುಮಾರು 2.4 ಕಿಲೊ ತೂಗುತ್ತದೆ. ಈ ಒಂದು ಅಂಕಿ ನೆನಪಿದ್ದರೆ ಸಾಕು. ಅಚ್ಚಿಗೆ ನೀರು ತುಂಬಿ ಅಳೆಯಿರಿ, ಎಷ್ಟು ಲೀಟರ್ ಬಂತೋ ಅದನ್ನು 2.4ರಿಂದ ಗುಣಿಸಿ. 12 ಸೆಂಟಿಮೀಟರ್ ಅಗಲದ ಪ್ಲಾಸ್ಟಿಕ್ ಡಬ್ಬಿಯಲ್ಲಿ 10 ಸೆಂಟಿಮೀಟರ್ ಎತ್ತರಕ್ಕೆ ತುಂಬಿದರೆ 1.13 ಲೀಟರ್, ಅಂದರೆ 2.7 ಕಿಲೊ. ಮರ ಸ್ವಲ್ಪ ಜಾಗ ಹಿಡಿಯುವುದರಿಂದ ಎರಡು ಗುಂಡೂ ಸೇರಿ ಡಂಬೆಲ್ 5 ಕಿಲೊದ ಆಸುಪಾಸಿಗೆ ಬರುತ್ತದೆ.

ಡಬ್ಬಿಯ ಬಾಯಿ ಬುಡಕ್ಕಿಂತ ಸ್ವಲ್ಪ ಅಗಲ ಇರಲಿ, ಬಿಡಿಸಲು ಸುಲಭ. ಒಳಗೆ ಅಡುಗೆ ಎಣ್ಣೆ ತೆಳುವಾಗಿ ಸವರಿ. ಹಿಡಿಗೆ ಮಾತ್ರ ಎಣ್ಣೆ ತಾಗಬಾರದು.

ಕಲಸುವುದು

ಮೊದಲು ಕೈಗವಸು, ಮಾಸ್ಕ್. ಒದ್ದೆ ಸಿಮೆಂಟಿನ ಕ್ಷಾರ ಚರ್ಮ ಸುಡುತ್ತದೆ, ಸುಟ್ಟಿದ್ದು ಕೂಡಲೇ ಗೊತ್ತೂ ಆಗುವುದಿಲ್ಲ. ಪುಡಿ ಎದೆಯೊಳಗೆ ಹೋಗುವುದೂ ಒಳ್ಳೆಯದಲ್ಲ. ಕಣ್ಣಿಗೆ ಸಿಡಿದರೆ ತಡಮಾಡದೆ ತುಂಬ ಹೊತ್ತು ನೀರಿನಲ್ಲಿ ತೊಳೆದು ವೈದ್ಯರ ಬಳಿ ಹೋಗಿ.

ಒಂದು ಅಳತೆ ಸಿಮೆಂಟಿಗೆ ಎರಡು ಮರಳು, ಎರಡು ಸಣ್ಣ ಜಲ್ಲಿ. ಜಲ್ಲಿ 10 ಮಿಲಿಮೀಟರ್‌ಗಿಂತ ದಪ್ಪ ಬೇಡ, ಸ್ಕ್ರೂಗಳ ನಡುವೆ ಸಿಕ್ಕಿಕೊಂಡು ಕೆಳಗೆ ಪೊಳ್ಳು ಬಿಡುತ್ತದೆ. ಒಂದು ಜೊತೆ ಡಂಬೆಲ್‌ಗೆ ಸಿಮೆಂಟ್ ಒಂದೂವರೆ ಲೀಟರ್, ಮರಳು ಮತ್ತು ಜಲ್ಲಿ ಮೂರು ಮೂರು ಲೀಟರ್ ಬೇಕಾಗುತ್ತದೆ. ಕಲಸಿದ ಮೇಲೆ ಅಷ್ಟೂ ಕುಗ್ಗಿ ಸುಮಾರು 5 ಲೀಟರ್ ಆಗುತ್ತದೆ, ಗಾಬರಿ ಬೇಡ. ಎರಡು ಸಲಕ್ಕೆ ಹಾಕುವುದರಿಂದ ಈ ಲೆಕ್ಕವನ್ನು ಅರ್ಧರ್ಧ ಮಾಡಿ ಕಲಸಿ.

ಬಾಂಡ್ಲಿಯಲ್ಲಿ ಒಣಗಿದ್ದಾಗಲೇ ಒಂದೇ ಬಣ್ಣ ಬರುವವರೆಗೆ ಕಲಸಿ. ಆಮೇಲೆ ನೀರು ಸ್ವಲ್ಪ ಸ್ವಲ್ಪವೇ. ಒಂದು ಲೀಟರ್ ಸಿಮೆಂಟಿಗೆ 700 ಮಿಲಿಲೀಟರ್ ದಾಟಬೇಡಿ, ಮರಳು ಹಸಿ ಇದ್ದರೆ ಇನ್ನೂ ಕಡಿಮೆ. ಇಲ್ಲೇ ಹೆಚ್ಚಿನವರು ಎಡವುವುದು. ಸುರಿಯಲು ಸಲೀಸು ಅಂತ ನೀರು ಜಾಸ್ತಿ ಮಾಡುತ್ತಾರೆ. ಆ ಹೆಚ್ಚಿನ ನೀರು ಆರಿಹೋದ ಮೇಲೆ ಅದಿದ್ದ ಜಾಗದಲ್ಲೆಲ್ಲ ಸಣ್ಣ ಸಣ್ಣ ರಂಧ್ರ ಉಳಿಯುತ್ತದೆ, ಗುಂಡಿನ ಅಂಚು ಉದುರುತ್ತದೆ. ಹದ ಹೀಗೆ ನೋಡಿ: ಒಂದು ಮುಷ್ಟಿ ಕಾಂಕ್ರೀಟ್ ತೆಗೆದು ಅದುಮಿ ಉಂಡೆ ಮಾಡಿ. ಉಂಡೆ ನಿಲ್ಲಬೇಕು, ಬೆರಳ ಸಂದಿಯಿಂದ ನೀರು ಇಳಿಯಬಾರದು.

ಅಚ್ಚಿಗೆ ಹಾಕುವುದು

ಒಂದು ಸಲಕ್ಕೆ ಒಂದು ಕಡೆಯ ಗುಂಡು ಮಾತ್ರ. ಡಬ್ಬಿಯ ತಳಕ್ಕೆ 2 ಸೆಂಟಿಮೀಟರ್ ಕಾಂಕ್ರೀಟ್ ಹಾಕಿ, ಅದರ ಮೇಲೆ ಹಿಡಿ ನಿಲ್ಲಿಸಿ, ಸುತ್ತಲೂ ತುಂಬುತ್ತಾ ಬನ್ನಿ. ತೆಳು ಕಡ್ಡಿಯಿಂದ ಸ್ಕ್ರೂಗಳ ಕೆಳಗೆಲ್ಲ ಚುಚ್ಚಿ. ಆಮೇಲೆ ಡಬ್ಬಿಯ ಪಕ್ಕಗಳನ್ನು ಮರದ ತುಂಡಿನಿಂದ ತಟ್ಟುತ್ತಾ ಇರಿ. ಗುಳ್ಳೆಗಳು ಮೇಲೆ ಬಂದು ಒಡೆಯುವುದು ಕಾಣುತ್ತದೆ. ಅದು ನಿಲ್ಲುವವರೆಗೂ ತಟ್ಟಿ. ಪ್ರತಿ ಡಬ್ಬಿಗೆ ಹಾಕುವ ಕಾಂಕ್ರೀಟನ್ನು ತಕ್ಕಡಿಯಲ್ಲಿ ತೂಗಿಯೇ ಹಾಕಿ. ಒಂದು ಕಡೆ 200 ಗ್ರಾಂ ಜಾಸ್ತಿಯಾದರೂ ಎತ್ತುವಾಗ ಮಣಿಕಟ್ಟು ಆ ಕಡೆಗೆ ವಾಲುತ್ತದೆ.

ಹಿಡಿ ನೆಟ್ಟಗೆ ನಿಲ್ಲಲು ದಪ್ಪ ರಟ್ಟಿನಲ್ಲಿ ಹಿಡಿಯ ಗಾತ್ರದ ತೂತು ಕೊರೆದು ಡಬ್ಬಿಯ ಬಾಯಿಗೆ ಟೇಪಿನಿಂದ ಅಂಟಿಸಿ. ಎರಡು ಕಡೆಯಿಂದ ಮೂಲೆಮಟ್ಟ ಹಿಡಿದು ನೋಡಿ.

ಎರಡು ದಿನ ಮುಟ್ಟಬೇಡಿ. ಆಮೇಲೆ ಅಚ್ಚು ಬಿಡಿಸಿ, ತಲೆಕೆಳಗು ಮಾಡಿ, ಇನ್ನೊಂದು ತುದಿಯನ್ನು ಎರಡನೇ ಡಬ್ಬಿಗೆ ಇಳಿಸಬೇಕು. ಈಗ ಮೊದಲ ಗುಂಡು ಮೇಲಿರುತ್ತದೆ. ಅದರ ಭಾರ ಹಸಿ ಕಾಂಕ್ರೀಟಿನ ಮೇಲೆ ಬಿದ್ದರೆ ಹಿಡಿ ತಳದವರೆಗೂ ಮುಳುಗುತ್ತದೆ. ಅದಕ್ಕೆ ಡಬ್ಬಿಯ ಎರಡೂ ಪಕ್ಕ ಇಟ್ಟಿಗೆ ಪೇರಿಸಿ, ಮೇಲೆ ಎರಡು ಮರದ ಪಟ್ಟಿ ಅಡ್ಡ ಇಡಿ. ಹಿಡಿ ಪಟ್ಟಿಗಳ ನಡುವೆ ಇಳಿಯಲಿ, ಗುಂಡು ಪಟ್ಟಿಗಳ ಮೇಲೆ ಕೂರಲಿ. ನಡುವಿನ 13 ಸೆಂಟಿಮೀಟರ್ ಸರಿಯಾಗಿ ಸಿಗುವಂತೆ ಇಟ್ಟಿಗೆಯ ಎತ್ತರವನ್ನು ಮೊದಲೇ ನೋಡಿಟ್ಟುಕೊಳ್ಳಿ.

ಕ್ಯೂರಿಂಗ್

ಕಾಂಕ್ರೀಟ್ ಒಣಗಿ ಗಟ್ಟಿಯಾಗುವುದಲ್ಲ. ಸಿಮೆಂಟು ನೀರಿನ ಜೊತೆ ಸೇರಿ ಬೇರೆಯದೇ ವಸ್ತುವಾಗುತ್ತದೆ, ಗಟ್ಟಿತನ ಬರುವುದು ಅದರಿಂದ. ಅದಕ್ಕೇ ಕನಿಷ್ಠ 7 ದಿನ ತೇವ ಆರಬಾರದು. ಹಾಗಂತ ಡಂಬೆಲನ್ನು ಬಕೆಟ್ ನೀರಿನಲ್ಲಿ ಮುಳುಗಿಸಿಡಬೇಡಿ, ಮರ ಹಾಳಾಗುತ್ತದೆ. ಹಿಡಿಗೆ ಪ್ಲಾಸ್ಟಿಕ್ ಸುತ್ತಿ ಕಟ್ಟಿ. ಗುಂಡುಗಳಿಗೆ ಒದ್ದೆ ಗೋಣಿ ಸುತ್ತಿ, ನೆರಳಿನಲ್ಲಿಟ್ಟು, ದಿನಕ್ಕೆ ಎರಡು ಮೂರು ಸಲ ನೀರು ಚಿಮುಕಿಸಿ. ಪೂರ್ತಿ ಬಲ ಬರಲು 28 ದಿನ ಲೆಕ್ಕ. ಅಲ್ಲಿಯವರೆಗೆ ಕಾಯಿರಿ ಅಂತಲೇ ಹೇಳುತ್ತೇನೆ.

ಆ ಸಮಯದಲ್ಲಿ ಹಿಡಿಯ ಕೆಲಸ ಮುಗಿಸಬಹುದು. 80, 120, 220 ನಂಬರಿನ ಉಪ್ಪುಕಾಗದದಿಂದ ಅದೇ ಕ್ರಮದಲ್ಲಿ ಉಜ್ಜಿ, ಲಿನ್‌ಸೀಡ್ ಎಣ್ಣೆ ಹಚ್ಚಿ ಒರೆಸಿ. ಕೈ ಹಿಡಿಯುವ ಜಾಗಕ್ಕೆ ವಾರ್ನಿಷ್ ಬೇಡ, ಬೆವರಿಗೆ ಜಾರುತ್ತದೆ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ. ಅದು ತಾನಾಗಿಯೇ ಬಿಸಿಯಾಗಿ ಹೊತ್ತಿಕೊಳ್ಳಬಹುದು. ಬಯಲಿನಲ್ಲಿ ಹರಡಿ ಒಣಗಿಸಿ. ಗುಂಡಿನ ಚೂಪು ಅಂಚನ್ನು ಕಲ್ಲಿನಿಂದ ಉಜ್ಜಿ ಮೊಂಡು ಮಾಡಿ, ಹಳೇ ಟ್ಯೂಬಿನ ಪಟ್ಟಿ ಸುತ್ತಿ ಅಂಟಿಸಿದರೆ ನೆಲವೂ ಉಳಿಯುತ್ತದೆ, ಗುಂಡೂ ಉಳಿಯುತ್ತದೆ.

ಇದೇ ರೀತಿ ಗದೆ

ಕೈ ಕುದುರಿದ ಮೇಲೆ ಗದೆ ಮಾಡಿ. ಅಚ್ಚಿಗೆ ಹಳೇ ರಬ್ಬರ್ ಚೆಂಡು. 15 ಸೆಂಟಿಮೀಟರ್ ಚೆಂಡಿಗೆ ಸುಮಾರು 4 ಕಿಲೊ, 18ರದ್ದಕ್ಕೆ 7 ಕಿಲೊ ದಾಟುತ್ತದೆ. ಮೂರು ಸೆಂಟಿಮೀಟರ್ ವ್ಯತ್ಯಾಸಕ್ಕೆ ಇಷ್ಟೊಂದು ತೂಕ! ಕೈಯಿಂದ ದೂರ ಇರುವ ಭಾರ ಇದ್ದದ್ದಕ್ಕಿಂತ ಬಹಳ ಹೆಚ್ಚಾಗಿ ಎಳೆಯುತ್ತದೆ, ಹಾಗಾಗಿ ಚಿಕ್ಕದರಿಂದಲೇ ಶುರುಮಾಡಿ. ಚೆಂಡಿನ ಮೇಲ್ಭಾಗ ಕೊಯ್ದು, ಮರಳು ತುಂಬಿದ ಬಕೆಟ್‌ನಲ್ಲಿ ಅರ್ಧ ಹೂತಿಟ್ಟು ತುಂಬಿ. ಇಲ್ಲದಿದ್ದರೆ ಭಾರಕ್ಕೆ ಚಪ್ಪಟೆಯಾಗುತ್ತದೆ. ಒಂದು ಮೀಟರ್ ಉದ್ದದ ಕಾವಿಗೆ ಆರು ಸ್ಕ್ರೂಗಳ ಜೊತೆ, ಅಡ್ಡಲಾಗಿ ತೂರಿಸಿದ ಒಂದು ಬೋಲ್ಟೂ ಇರಲಿ. ಬೀಸುವಾಗ ಗುಂಡು ಕಾವಿನಿಂದ ಹಾರಿಹೋಗಲು ನೋಡುತ್ತಿರುತ್ತದೆ.

ಬಳಸುವ ಮೊದಲು

ಮಲಗಿಕೊಂಡು ಮುಖದ ಮೇಲೆ ಎತ್ತುವ ವ್ಯಾಯಾಮಕ್ಕೆ ಮನೆಯಲ್ಲಿ ಮಾಡಿದ ಡಂಬೆಲ್ ಬೇಡ. ಎತ್ತಿ ಬಿಸಾಡುವುದೂ ಬೇಡ. ಕಾಂಕ್ರೀಟ್ ಅದುಮಿದರೆ ತಡೆಯುತ್ತದೆ, ಎಳೆತಕ್ಕೆ ಅದರ ಹತ್ತರಲ್ಲೊಂದು ಪಾಲೂ ತಡೆಯುವುದು ಕಷ್ಟ.

ಪ್ರತಿ ಸಲ ಎತ್ತುವ ಮುಂಚೆ ಒಂದು ಗುಂಡನ್ನು ಮಂಡಿಗಳ ನಡುವೆ ಹಿಡಿದು ಹಿಡಿಯನ್ನು ತಿರುಚಿ ನೋಡಿ. ಆಮೇಲೆ ಮರದ ತುಂಡಿನಿಂದ ಗುಂಡಿಗೆ ತಟ್ಟಿ. ಗಟ್ಟಿ ಇದ್ದರೆ ಟಣ್ ಅನ್ನುತ್ತದೆ, ಒಳಗೆ ಬಿರುಕಿದ್ದರೆ ದಬ್ ಅಂತ ಸತ್ತ ಸದ್ದು. ಹಿಡಿ ಕೂದಲೆಳೆಯಷ್ಟು ಅಲುಗಿದರೂ ಸಂದಿಗೆ ಸಿಮೆಂಟ್ ಹಾಲು ಸುರಿದು ಸರಿಮಾಡಲು ಹೋಗಬೇಡಿ. ಗುಂಡು ಒಡೆದು ಹಾಕಿ. ಮರ ಚೆನ್ನಾಗಿದ್ದರೆ ಹಿಡಿ ಉಳಿಸಿಕೊಳ್ಳಿ, ಹೊಸ ಸ್ಕ್ರೂ ಹಾಕಿ, ಮತ್ತೆ ಎರಡು ಕೋಟ್ ವಾರ್ನಿಷ್ ಹಚ್ಚಿ, ಹೊಸ ಗುಂಡು ಹಾಕಿ.